ಬಾರ್ ಮೇಲೆ ಬಿಟ್ಟುಬಂದ ಚರ್ಮ

ಜಿಮ್ನಾಸ್ಟಿಕ್ಸ್ ಬಾರ್ ಮೇಲೆ ಅಂಗೈ ಚರ್ಮ ಹರಿಯುವ ಕ್ಷಣದಲ್ಲಿ ನೋವಾಗುವುದಿಲ್ಲ. ಬಾರ್‌ಗೂ ಕೈಗೂ ನಡುವೆ ಏನೋ ಸರಿದಂತಾಗುತ್ತದೆ, ಹಿಡಿತ ತುಸು ಜಾರುತ್ತದೆ, ಅಷ್ಟೇ. ಉರಿ ಶುರುವಾಗುವುದು ಕೆಳಗಿಳಿದು ಮುಷ್ಟಿ ಬಿಚ್ಚಿ ಗಾಳಿ ತಗುಲಿದ ಮೇಲೆ.

ನನಗೆ ಹಾಗಾದದ್ದು ಒಂದು ಎತ್ತರ, ಒಂದು ತಗ್ಗಾಗಿರುವ ಜೋಡಿ ಅಡ್ಡಕಂಬಿಗಳಾದ ಅನ್‌ಈವನ್ ಬಾರ್ಸ್‌ನ ಎತ್ತರದ ಬಾರ್ ಮೇಲೆ, ಜೈಂಟ್ (ಮೈ ನೇರ ಚಾಚಿ ಬಾರ್ ಸುತ್ತ ಪೂರ್ತಿ ಒಂದು ಸುತ್ತು) ಹೊಡೆಯುತ್ತಿದ್ದಾಗ. ಕಾಂಪಿಟಿಷನ್ ಹತ್ತಿರ ಬಂದಿತ್ತು, ಆ ವಾರವೆಲ್ಲ ಬೇರೆ ಅಪರೇಟಸ್‌ಗಿಂತ ಬಾರ್ ಮೇಲೇ ಹೆಚ್ಚು ಹೊತ್ತು ಕಳೆದಿದ್ದೆ. ಸೆಕೆ ಬೇರೆ. ನೋಡಿದರೆ ಬಲಗೈಯ ಉಂಗುರ ಬೆರಳಿನ ಬುಡದಲ್ಲಿ ಉಗುರಿನಷ್ಟಗಲದ ಚರ್ಮ ಮೂರು ಕಡೆ ಬಿಟ್ಟುಕೊಂಡು ಒಂದೇ ಅಂಚಿನಲ್ಲಿ ನೇತಾಡುತ್ತಿತ್ತು. ಅಡಿಯಲ್ಲಿ ಒದ್ದೆಯಾದ, ಹೊಳೆಯುವ ಗುಲಾಬಿ ಬಣ್ಣ. ಒಂದು ಮೂಲೆಯಲ್ಲಿ ರಕ್ತ ಜಿನುಗಿ ಕೈ ಜಾರದಿರಲು ಮೆತ್ತಿಕೊಂಡಿದ್ದ ಚಾಕ್ ಪುಡಿಯ ಜೊತೆ ಕಲೆತು ಕೆಸರಾಗಿತ್ತು.

"ಮೇಡಂ, ರಿಪ್ ಆಯ್ತು" ಅಂದೆ.

"ಕೀಳ್ಬೇಡ. ಹಂಗೇ ಹೋಗಿ ಸೋಪ್ ಹಾಕಿ ತೊಳ್ಕೊಂಡ್ ಬಾ" ಅಂದರು ಕೋಚ್. ಅವರು ನನ್ನ ಮುಖವನ್ನೂ ನೋಡಲಿಲ್ಲ. ಕೈಗೆ ಗ್ಲೌಸ್ ಹಾಕಿಕೊಂಡು ಬಾರ್ ಮೇಲಿನ ರಕ್ತವನ್ನು ಡಿಸಿನ್ಫೆಕ್ಟೆಂಟ್‌ನಿಂದ ಒರೆಸತೊಡಗಿದರು. ಆಗ ನನಗೆ ಇದು ಸ್ವಲ್ಪ ನಿರ್ದಯ ಅನಿಸಿತ್ತು. ಆದರೆ ಅದೇ ಬಾರ್ ಹಿಡಿಯಲು ಇನ್ನೂ ನಾಲ್ಕು ಜನ ಸಾಲಿನಲ್ಲಿ ನಿಂತಿದ್ದರು, ಅವರಲ್ಲಿ ಯಾರ ಕೈಯಲ್ಲಿ ಎಲ್ಲಿ ಬಿರುಕಿದೆಯೋ ಯಾರಿಗೆ ಗೊತ್ತು.

ಚಾಕ್ ಮೆತ್ತಿದ ಹಸಿ ಗಾಯಕ್ಕೆ ಸೋಪು ತಗುಲಿದರೆ ಹೇಗಿರುತ್ತದೆ ಅಂತ ಅನುಭವಿಸಿದವರಿಗೆ ಹೇಳಬೇಕಾಗಿಲ್ಲ. ಹಲ್ಲು ಕಚ್ಚಿ, ಬೀಳುವ ತಣ್ಣೀರಿನ ಕೆಳಗೆ ಅಂಗೈ ಹಿಡಿದು, ಇನ್ನೊಂದು ಕೈಯ ಬೆರಳ ತುದಿಯಿಂದ ಮೆಲ್ಲಗೆ ಸವರಿದೆ. ನೇತಾಡುವ ಚರ್ಮದ ಅಡಿಯಲ್ಲೇ ಪುಡಿ ಹೆಚ್ಚು ಕೂತಿರುತ್ತದೆ. ಅದನ್ನು ಎತ್ತಿ ಅಡಿಗೆ ನೀರು ಬಿಡದಿದ್ದರೆ ಮುಂದೆ ಹಚ್ಚುವ ಯಾವ ಮುಲಾಮೂ ದಂಡ. ಮೇಡಂ ಬಂದು ನೋಡಿ, "ಇನ್ನೂ ಬೆಳ್ಳಗಿದೆ, ಮತ್ತೆ ತೊಳಿ" ಅಂದರು.

ಆಮೇಲೆ ಕತ್ತರಿ. ಬಾಗಿದ ಮೊನೆಯ ಪುಟ್ಟ ಉಗುರು ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ನನ್ನ ಕೈಯನ್ನು ಬೆಳಕಿಗೆ ಹಿಡಿದು, ನೇತಾಡುತ್ತಿದ್ದ ಚರ್ಮವನ್ನು ಬುಡಕ್ಕೆ ಹತ್ತಿರವಾಗಿ ಸಣ್ಣ ಸಣ್ಣದಾಗಿ ಕತ್ತರಿಸಿದರು. ಸತ್ತ ಚರ್ಮಕ್ಕೆ ಕತ್ತರಿ ಆಡಿದರೆ ನೋವಿಲ್ಲ, ಸಣ್ಣ ಟಿಕ್ ಟಿಕ್ ಸದ್ದು ಮಾತ್ರ. ನಾನು ಕೈ ಹಿಂದಕ್ಕೆಳೆದುಕೊಂಡ ಜಾಗದಲ್ಲಿ ಅವರು ನಿಲ್ಲಿಸಿದರು. ಎಲ್ಲಿ ನೋವು ಶುರುವೋ ಅಲ್ಲಿಗೆ ಜೀವ ಇರುವ ಚರ್ಮ ಶುರು, ಅದನ್ನು ಮುಟ್ಟುವಂತಿಲ್ಲ. ಎಷ್ಟೋ ಮಕ್ಕಳು ಅವಸರಕ್ಕೆ ಹಲ್ಲಿನಿಂದಲೋ ಉಗುರಿನಿಂದಲೋ ಕಿತ್ತುಬಿಡುತ್ತಾರೆ. ಆಗ ಒಳ್ಳೆಯ ಚರ್ಮವೂ ಜೊತೆಗೇ ಸುಲಿದು ಗಾಯ ಇದ್ದದ್ದಕ್ಕಿಂತ ಅಗಲವಾಗುತ್ತದೆ. ಕತ್ತರಿಸದೆ ಹಾಗೇ ಬಿಟ್ಟರೂ ತೊಂದರೆಯೇ: ಮುಂದಿನ ಸಲ ಬಾರ್ ಹಿಡಿದಾಗ ಅದೇ ತುಂಡು ಸಿಕ್ಕಿಕೊಂಡು ಇನ್ನಷ್ಟು ಹರಿಯುತ್ತದೆ. ಬಾರ್‌ನಿಂದ ಕೆಲವು ದಿನ ದೂರ ಇರುವವರಾದರೆ, ಚರ್ಮ ಶುದ್ಧವಾಗಿದ್ದರೆ, ಅದನ್ನೇ ಗಾಯದ ಮೇಲೆ ಮುಚ್ಚಿ ಬ್ಯಾಂಡೇಜ್ ಹಾಕುವುದೂ ಉಂಟು. ಇನ್ನೂ ಒಡೆಯದ ಗುಳ್ಳೆಯನ್ನಂತೂ ಒಡೆಯದೆ ಬಿಡುವುದೇ ಒಳ್ಳೆಯದು. ಅದರ ಮುಚ್ಚಳಕ್ಕಿಂತ ಒಳ್ಳೆಯ ಬ್ಯಾಂಡೇಜ್ ಇಲ್ಲ.

ಈ ಗಾಯ ಯಾಕೆ ಇಷ್ಟು ಉರಿಯುತ್ತದೆ, ಆದರೂ ಯಾಕೆ ಅಷ್ಟು ಬೇಗ ಮಾಯುತ್ತದೆ ಅನ್ನುವುದು ಆಮೇಲೆ ಓದಿ ತಿಳಿದದ್ದು. ಅಂಗೈ ಮತ್ತು ಅಂಗಾಲಿನ ಹೊರಪದರ ದಪ್ಪ, ಅಡಿಗೆ ಬಿಗಿಯಾಗಿ ಅಂಟಿಕೊಂಡಿರುವಂಥದ್ದು. ಬೇರೆ ಕಡೆಯ ತೆಳು ಚರ್ಮ ಉಜ್ಜಿದರೆ ತರಚಿಹೋಗುತ್ತದೆ, ಇಲ್ಲಿ ಹಾಗಲ್ಲ. ಮೇಲ್ಪದರ ಬಾರ್ ಜೊತೆ ಹೋಗುತ್ತದೆ, ಅಡಿಯ ಮೂಳೆ ಇನ್ನೊಂದು ಕಡೆ ಹೋಗುತ್ತದೆ, ನಡುವಿನ ಜೀವಕೋಶಗಳ ಪದರ ಬಿಟ್ಟುಕೊಂಡು ಆ ಸಂದಿಯಲ್ಲಿ ನೀರು ತುಂಬುತ್ತದೆ. ಜೈಂಟ್‌ನಲ್ಲಿ ದೇಹ ಕೆಳಗೆ ಬರುವಾಗ ಕೈ ಮೇಲೆ ಬೀಳುವ ಎಳೆತ ದೇಹದ ತೂಕದ ಮೂರ್ನಾಲ್ಕು ಪಟ್ಟು. ಅಷ್ಟು ಎಳೆತಕ್ಕೆ ಗುಳ್ಳೆಯ ಮುಚ್ಚಳ ಎಲ್ಲಿ ತಡೆದೀತು? ಆದರೆ ಬಿರುಕು ಬಿಡುವುದು ಹೊರಚರ್ಮದ ಒಳಗೇ. ಅಲ್ಲಿ ರಕ್ತನಾಳಗಳಿಲ್ಲ, ಹಾಗಾಗಿ ಎಷ್ಟೋ ರಿಪ್‌ಗಳಲ್ಲಿ ರಕ್ತವೇ ಬರುವುದಿಲ್ಲ. ಹೊಸ ಚರ್ಮ ಹುಟ್ಟಿಸುವ ತಳದ ಪದರ ಹಾಗೇ ಉಳಿದಿರುತ್ತದೆ, ಮರುದಿನದಿಂದಲೇ ಕೆಲಸ ಶುರು ಮಾಡುತ್ತದೆ. ಸುಮಾರು ಐದು ದಿನದಲ್ಲಿ ತೆಳುವಾದ ಹೊಸ ಮೇಲ್ಪದರ ಬಂದಿರುತ್ತದೆ. ಬಾರ್ ತಡೆಯುವಷ್ಟು ಗಟ್ಟಿಯಾಗುವುದಕ್ಕೆ ಇನ್ನೂ ಹೊತ್ತು ಬೇಕು, ಅದು ಬೇರೆ ಮಾತು.

ಮೊದಲ ರಾತ್ರಿಯೇ ಕಷ್ಟ. ಸ್ನಾನಕ್ಕೆ ಬಿಸಿನೀರು ಸೋಕಿದರೆ ಕೂಗುವ ಹಾಗಾಗುತ್ತದೆ; ಕೈಯನ್ನು ಎತ್ತಿ ಹಿಡಿದು ಒಂದೇ ಕೈಯಲ್ಲಿ ಮಿಂದೆ. ಒಣಗಿಸಿ, ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿ, ಗಾಯಕ್ಕೆ ಅಂಟದ ಜಾತಿಯ ಪ್ಯಾಡ್ ಇಟ್ಟು ಸುತ್ತಿಕೊಂಡೆ. ಅಂಗೈ ಮೇಲೆ ಬ್ಯಾಂಡೇಜ್ ನಿಲ್ಲುವುದಿಲ್ಲ, ನಿದ್ದೆಯಲ್ಲಿ ಕಳಚುತ್ತದೆ. ಅದಕ್ಕೆ ಹಳೆಯ ಕಾಲುಚೀಲವೊಂದರ ತುದಿ ಕತ್ತರಿಸಿ, ಹೆಬ್ಬೆರಳಿಗೆ ತೂತು ಮಾಡಿ ಕೈಗೆ ತೊಡುವುದು ಬಾರ್ ಮೇಲೆ ಬೆಳೆದವರೆಲ್ಲ ಮಾಡುವ ಕೆಲಸ.

"ಗಾಯಕ್ಕೆ ಗಾಳಿ ಬೇಕು, ಒಣಗಲಿ ಬಿಡು" ಅನ್ನುವವರು ಪ್ರತಿ ಜಿಮ್‌ನಲ್ಲೂ ಇರುತ್ತಾರೆ. ಒಣಗಲು ಬಿಟ್ಟರೆ ಏನಾಗುತ್ತದೆ ಅಂದರೆ, ಬೆಳಿಗ್ಗೆ ಎದ್ದಾಗ ಬೆರಳು ಅರ್ಧ ಮಡಚಿದ ಸ್ಥಿತಿಯಲ್ಲಿ ಗಟ್ಟಿಯಾಗಿರುತ್ತದೆ. ಬಿಡಿಸಲು ಹೋದರೆ ಹೆಪ್ಪು ನಡುವೆ ಸೀಳಿಕೊಂಡು ಗಾಯ ಮತ್ತೆ ಮೊದಲಿಗೆ ಬರುತ್ತದೆ. ಅಂಗೈ ದಿನವಿಡೀ ಮಡಚಿ ಬಿಡಿಸುವ ಜಾಗ, ಅಲ್ಲಿ ಒಣಗಿದ ಹೆಪ್ಪಿಗೆ ಉಳಿಗಾಲವಿಲ್ಲ. ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ ಬೇಗ ಹರಡುತ್ತದೆ ಅನ್ನುವುದನ್ನು ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದ್ದಾರೆ. ಇಂದಿನ ಹೈಡ್ರೋಕೊಲಾಯ್ಡ್ ಪಟ್ಟಿಗಳ ಹಿಂದಿನ ವಿಚಾರವೂ ಅದೇ. ಆ ಪಟ್ಟಿ ಹಚ್ಚಿಕೊಂಡು ಶಾಲೆಗೋ ಕೆಲಸಕ್ಕೋ ಹೋಗಬಹುದು, ಆದರೆ ಬೆವರುವ ಅಂಗೈಯಲ್ಲಿ ಅಂಚು ಬೇಗ ಸುರುಳಿಕೊಳ್ಳುತ್ತದೆ. ನನಗೆ ಹಗಲಿಗೆ ಅದು, ರಾತ್ರಿಗೆ ಜೆಲ್ಲಿ ಮತ್ತು ಕಾಲುಚೀಲ, ಹೀಗೆ ಒಗ್ಗಿತು.

ಪುಕ್ಕಟೆ ಸಲಹೆಗಳಿಗೆ ಬರವಿರಲಿಲ್ಲ. ಒದ್ದೆ ಟೀ ಬ್ಯಾಗ್ ಒತ್ತಿಟ್ಟುಕೋ, ಟ್ಯಾನಿನ್ ಚರ್ಮವನ್ನು ಗಟ್ಟಿ ಮಾಡುತ್ತದೆ ಅಂದಳು ಒಬ್ಬಳು. ತಣ್ಣಗೆ ಹಿತವಾಗಿತ್ತು, ಅದಕ್ಕಿಂತ ಹೆಚ್ಚಿನದೇನೂ ನನಗೆ ಕಾಣಲಿಲ್ಲ. ಮೂಲವ್ಯಾಧಿಯ ಮುಲಾಮು ಹಚ್ಚು ಅನ್ನುವ ಮಾತು ಜಿಮ್ನಾಸ್ಟ್‌ಗಳಲ್ಲಿ ಬಹಳ ಹಳೆಯದು. ಗೆಳತಿಯರು ಅದನ್ನು ನಗದೆ ಹೇಳಿದ್ದೇ ಆಶ್ಚರ್ಯ. ಉಪ್ಪುನೀರು, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಇವೆಲ್ಲ ಉರಿಸುತ್ತವೆ. ಉರಿದರೆ ಕೆಲಸ ಮಾಡುತ್ತಿದೆ ಅಂತ ಲೆಕ್ಕ ಹಾಕುವವರಿದ್ದಾರೆ. ಸ್ಪಿರಿಟ್ ಮತ್ತು ಪೆರಾಕ್ಸೈಡ್ ಹೊಸದಾಗಿ ಹುಟ್ಟುತ್ತಿರುವ ಕೋಶಗಳನ್ನೂ ಸುಡುತ್ತವೆ, ಸೋಪು ನೀರು ಸಾಕು. ಗಾಯದ ಮೇಲೆ ಸೂಪರ್ ಗ್ಲೂ ಹಾಕುವ ಧೈರ್ಯ ನನಗೆ ಬರಲಿಲ್ಲ, ಬರುವುದೂ ಬೇಡ.

ಪ್ರಾಕ್ಟೀಸ್ ನಿಲ್ಲಲಿಲ್ಲ. ಬೀಮ್ (ಬ್ಯಾಲೆನ್ಸ್ ಮಾಡುವ ಕಿರಿದಾದ ತೊಲೆ) ಮೇಲೆ ನೆಗೆತ, ತಿರುವು, ಕಾಲಿನ ಕಂಡಿಷನಿಂಗ್, ಹೊಟ್ಟೆಯ ವ್ಯಾಯಾಮ, ಇವಕ್ಕೆ ಅಂಗೈ ಬೇಡ. ಫ್ಲೋರ್ ಮೇಲೆ ಕೈ ಊರಿದರೆ ಒತ್ತಡ ಬೀಳುತ್ತದೆ, ಬಾರ್‌ನಷ್ಟು ಉಜ್ಜುವುದಿಲ್ಲ, ಹಾಗಾಗಿ ಟೇಪ್ ಹಾಕಿ ನಡೆಯಿತು. ಬಾರ್‌ಗೆ ಮರಳುವ ದಿನವನ್ನು ಮೇಡಂ ಕ್ಯಾಲೆಂಡರ್ ನೋಡಿ ಹೇಳಲಿಲ್ಲ. ತಮ್ಮ ಹೆಬ್ಬೆರಳಿನಿಂದ ಆ ಜಾಗವನ್ನು ಒತ್ತಿ, ಪಕ್ಕಕ್ಕೆ ಎಳೆದು ನೋಡಿದರು. ನಾನು ಮುಖ ಕಿವಿಚಿದೆ. "ಇವತ್ತಿಲ್ಲ" ಅಂದರು.

ಮರಳಿದಾಗಲೂ ಮೊದಲು ಟೇಪ್ ಗ್ರಿಪ್ ಕಟ್ಟಿಕೊಂಡೇ. ಸ್ಪೋರ್ಟ್ಸ್ ಟೇಪನ್ನು ಮಣಿಕಟ್ಟಿನಿಂದ ಬೆರಳ ಬುಡದವರೆಗಿನ ದೂರದ ಎರಡರಷ್ಟಕ್ಕಿಂತ ತುಸು ಉದ್ದಕ್ಕೆ ಹರಿದು, ನಡುವಿನಲ್ಲಿ ಬೆರಳು ತೂರುವಷ್ಟು ಕುಣಿಕೆ ಬಿಟ್ಟು, ಅಂಟಿನ ಮುಖ ಅಂಟಿನ ಮುಖಕ್ಕೇ ಕೂಡಿಸಿ ಮಡಚಬೇಕು. ಬೆರಳನ್ನು ಕುಣಿಕೆಯಲ್ಲಿ ತೂರಿಸಿ, ಪಟ್ಟಿ ಅಂಗೈ ಮೇಲೆ ಹಾದು ಮಣಿಕಟ್ಟಿಗೆ ಬರುವಂತೆ ಎಳೆದು, ಅಲ್ಲಿ ಇನ್ನೊಂದು ಟೇಪ್ ಸುತ್ತಿ ಭದ್ರ ಮಾಡುವುದು. ಕಟ್ಟುವಾಗ ಮಣಿಕಟ್ಟು ತುಸು ಹಿಂದಕ್ಕೆ ಬಾಗಿರಬೇಕು. ನೇರವಾಗಿಟ್ಟು ಬಿಗಿದರೆ ಹ್ಯಾಂಡ್‌ಸ್ಟ್ಯಾಂಡ್‌ಗೆ ಹೋದಾಗ ಪಟ್ಟಿ ಎಳೆದು ಬೆರಳು ಜುಮ್ಮೆನ್ನುತ್ತದೆ. ಟೇಪಿನ ಅಂಟು ನೇರವಾಗಿ ಗಾಯಕ್ಕೆ ತಾಗಬಾರದು, ತಾಗಿದರೆ ಬಿಚ್ಚುವಾಗ ಹೊಸ ಚರ್ಮವೂ ಟೇಪಿನ ಜೊತೆ ಹೋಗುತ್ತದೆ.

ಈ ನಡುವೆ ನನ್ನ ಜೊತೆಯವಳೊಬ್ಬಳ ಗಾಯ ಬೇರೆ ದಾರಿ ಹಿಡಿಯಿತು. ದಿನ ಕಳೆದಂತೆ ನೋವು ಇಳಿಯುವ ಬದಲು ಏರಿತು. ಸುತ್ತ ಕೆಂಪಾಗಿ, ಮುಟ್ಟಿದರೆ ಬಿಸಿ, ರಾತ್ರಿ ಮಿಡಿಯುವ ನೋವು, ಆಮೇಲೆ ಕೀವು. ಡಾಕ್ಟರ್ ಆಂಟಿಬಯಾಟಿಕ್ ಕೊಟ್ಟರು, ಟೆಟನಸ್ ಲಸಿಕೆ ಯಾವಾಗ ಆಗಿತ್ತು ಅಂತ ಕೇಳಿದರು. ಕೆಂಪು ಗೆರೆ ಮಣಿಕಟ್ಟಿನ ಕಡೆ ಏರಿದರೆ ಅಥವಾ ಜ್ವರ ಬಂದರೆ ಮರುದಿನಕ್ಕೆ ಕಾಯಬಾರದು ಅಂತಲೂ ಹೇಳಿದರಂತೆ. ಮಾಮೂಲಿ ರಿಪ್‌ಗೆ ಡಾಕ್ಟರ್ ಬೇಕಿಲ್ಲ. ಅದು ಮಾಮೂಲಿ ದಾರಿಯಲ್ಲೇ ಇದೆಯೋ ಇಲ್ಲವೋ ಅಂತ ದಿನಾ ಬ್ಯಾಂಡೇಜ್ ಬಿಚ್ಚಿ ನೋಡಬೇಕು.

ಇನ್ನು ಹರಿದದ್ದು ಯಾಕೆ ಅನ್ನುವ ಮಾತು. ಗಾಯ ಮಾಯುತ್ತಿದ್ದಾಗ ಒಂದು ದಿನ ಮೇಡಂ ನನ್ನ ಎಡಗೈ, ಅಂದರೆ ಹರಿಯದ ಕೈಯನ್ನು ಹಿಡಿದು, ಬೆರಳುಗಳ ಬುಡದ ಜಡ್ಡುಗಳ ಮೇಲೆ ಉಗುರಿನ ಹಿಂಬದಿಯನ್ನು ಅಡ್ಡಕ್ಕೆ ಎಳೆದರು. ನಡು ಬೆರಳಿನ ಕೆಳಗೆ ಬಂದಾಗ ಉಗುರು ತಡೆದು ನಿಂತಿತು. "ಮುಂದಿನ್ದು ಇಲ್ಲಿ" ಅಂದರು.

ಜಡ್ಡು ಕೆಟ್ಟದ್ದಲ್ಲ. ಬಾರ್ ಹಿಡಿಯುವವರಿಗೆ ಅದು ಬೇಕೇ ಬೇಕು. ತೊಂದರೆ ಅದು ಉಬ್ಬಿ ದಿಬ್ಬವಾದಾಗ, ಅಂಚು ಎದ್ದು ನಿಂತಾಗ. ಚಾಪೆಯ ಎದ್ದ ಅಂಚಿಗೆ ಕಾಲು ಸಿಕ್ಕಿಕೊಳ್ಳುವ ಹಾಗೆ ಬಾರ್ ಆ ಅಂಚಿಗೆ ಸಿಕ್ಕಿಕೊಂಡು ಇಡೀ ಜಡ್ಡನ್ನೇ ಬುಡಸಮೇತ ಎಬ್ಬಿಸುತ್ತದೆ. ಜಡ್ಡು ಗಡುಸು, ಅದರ ಸುತ್ತಲಿನ ಚರ್ಮ ಮೆದು. ಎಳೆತವೆಲ್ಲ ಬೀಳುವುದು ಎರಡರ ಗಡಿಯಲ್ಲಿ. ಹಾಗಾಗಿ ಕೈ ಎಷ್ಟು ಗಟ್ಟಿ ಅನ್ನುವುದಕ್ಕಿಂತ ಎಷ್ಟು ಸಮ ಅನ್ನುವುದು ಮುಖ್ಯ. ನನ್ನ ಅಂಗೈ ಆರೈಕೆಯೆಲ್ಲ ಈಗ ಈ ಒಂದು ವಿಷಯದ ಸುತ್ತಲೇ ನಡೆಯುತ್ತದೆ.

ಮಾಡುವುದು ಇಷ್ಟು. ಸ್ನಾನವಾದ ಮೇಲೆ ಜಡ್ಡು ನೆನೆದು ಬೆಳ್ಳಗಾಗಿ ಮೆದುವಾಗಿರುತ್ತದೆ, ಎಲ್ಲಿ ದಪ್ಪ ಎಲ್ಲಿ ತೆಳು ಅನ್ನುವುದು ಕಣ್ಣಿಗೇ ಕಾಣುತ್ತದೆ. ಆಗ ಪ್ಯೂಮಿಸ್ ಕಲ್ಲಿನಿಂದ ಮೆಲ್ಲಗೆ ಉಜ್ಜುತ್ತೇನೆ, ನಡುವಿಗಿಂತ ಅಂಚುಗಳಿಗೆ ಹೆಚ್ಚು ಗಮನ ಕೊಟ್ಟು. ಬೆರಳಾಡಿಸಿದರೆ ಎಲ್ಲೂ ತಡೆಯಬಾರದು, ಅಲ್ಲಿಗೆ ನಿಲ್ಲಿಸುವುದು. ಪೂರ್ತಿ ತೆಗೆದುಬಿಟ್ಟರೆ ಮರುದಿನ ಬಾರ್ ಮೇಲೆ ಹಸಿ ಕೈಯಲ್ಲಿ ನೇತಾಡಿದ ಹಾಗೆಯೇ ಸರಿ. ಬ್ಲೇಡ್ ಹಾಕುವವರೂ ಇದ್ದಾರೆ. ನುರಿತ ಕೈಗೆ ಅದು ಸರಿ, ಚಿಕ್ಕ ಮಕ್ಕಳ ಕೈಗೆ ಬೇಡವೇ ಬೇಡ. ಆಮೇಲೆ ಮಾಯಿಶ್ಚರೈಸರ್. ಅಂಗೈಯಲ್ಲಿ ಎಣ್ಣೆಗ್ರಂಥಿಗಳೇ ಇಲ್ಲ, ಇರುವುದು ಬೆವರುಗ್ರಂಥಿಗಳು ಮಾತ್ರ. ದಿನಾ ಚಾಕ್ ಹೀರಿಕೊಂಡ ಅಂಗೈ ತಾನಾಗಿ ಮತ್ತೆ ಎಣ್ಣೆ ಪಸೆ ತಂದುಕೊಳ್ಳಲಾರದು, ನಾವೇ ಕೊಡಬೇಕು. ಆದರೆ ರಾತ್ರಿ ಮಾತ್ರ. ಪ್ರಾಕ್ಟೀಸ್‌ಗೆ ಮುಂಚೆ ಹಚ್ಚಿದರೆ ಚರ್ಮ ಮೆದುವಾಗಿ ಹರಿಯುವುದೂ ಉಂಟು, ಕೈ ಜಾರಿ ಬೀಳುವುದೂ ಉಂಟು. ಪ್ರಾಕ್ಟೀಸ್ ಮುಗಿದ ತಕ್ಷಣ ಚಾಕ್ ತೊಳೆದುಬಿಡುವುದು ಇದಕ್ಕೆ ಸೇರಿದ್ದೇ. ಹೇಳಲು ಸುಲಭ, ಸುಸ್ತಾದ ಕೈಗಳು ನಲ್ಲಿಗೆ ಹೋಗುವ ಬದಲು ಬ್ಯಾಗಿಗೆ ಹೋಗುತ್ತವೆ.

ಚಾಕ್ ಅಂದರೆ ಮೆಗ್ನೀಷಿಯಂ ಕಾರ್ಬೊನೇಟ್, ಕಪ್ಪು ಹಲಗೆಯ ಮೇಲೆ ಬರೆಯುವ ಸೀಮೆಸುಣ್ಣವಲ್ಲ. ಬೆವರು ಹೀರುವುದು ಅದರ ಕೆಲಸ, ಯಾಕೆಂದರೆ ತುಸು ಒದ್ದೆಯಾದ ಚರ್ಮ ಒಣ ಚರ್ಮಕ್ಕಿಂತ ಹೆಚ್ಚು ಉಜ್ಜಿಕೊಳ್ಳುತ್ತದೆ. ತೆಳುವಾದ ಒಂದು ಪದರ ಸಾಕು. ಭಯವಾದಾಗ ಚಾಕ್ ಬಾಕ್ಸ್ ಮುಂದೆ ನಿಂತು ಕೈ ತುಂಬ ಮೆತ್ತಿಕೊಳ್ಳುವುದು ಎಲ್ಲರಿಗೂ ಇರುವ ಚಾಳಿ. ಅದು ಬಾರ್ ಮೇಲೆ ಗಂಟುಗಂಟಾಗಿ ಕೂರುತ್ತದೆ, ಮುಂದಿನವಳ ಅಂಗೈಗೆ ಅದೇ ಉಪ್ಪುಕಾಗದವಾಗುತ್ತದೆ. ಬ್ರಷ್ ಹಿಡಿದು ಬಾರ್ ಉಜ್ಜುವ ಸರದಿಯನ್ನು ನಾವೆಲ್ಲ ತಪ್ಪಿಸಿಕೊಳ್ಳುತ್ತಿದ್ದೆವು. ಈಗ ಅದು ನನಗೆ ಪ್ರಾಕ್ಟೀಸಿನದೇ ಭಾಗ.

ಬಾರ್ ಹಿಡಿಯುವ ರೀತಿಯನ್ನೂ ಬದಲಿಸಬೇಕಾಯಿತು, ಇದಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಬಾರನ್ನು ಅಂಗೈಯ ನಡುವಿಗೆ ತಂದು ಗಟ್ಟಿಯಾಗಿ ಮುಷ್ಟಿ ಕಟ್ಟಿದರೆ, ದೇಹ ಕೆಳಗೆ ಜಗ್ಗಿದಾಗ ಬಾರ್ ಬೆರಳುಗಳ ಕಡೆ ಸರಿಯುತ್ತದೆ, ದಾರಿಯಲ್ಲಿ ಸಿಕ್ಕ ಚರ್ಮವನ್ನೆಲ್ಲ ಮಡಿಕೆ ಮಾಡಿ ಬೆರಳ ಬುಡಕ್ಕೆ ದೂಡುತ್ತದೆ. ಹರಿಯುವುದು ಆ ಮಡಿಕೆ. ಮೊದಲೇ ಬೆರಳ ಬುಡದ ಗೆರೆಯ ಹತ್ತಿರ ಹಿಡಿದರೆ ಮಡಿಕೆಗೆ ಜಾಗವೇ ಇರುವುದಿಲ್ಲ. ಜೈಂಟ್‌ನಲ್ಲಿ ಮೇಲೆ ಬರುವಾಗ ಮಣಿಕಟ್ಟನ್ನು ಸಕಾಲಕ್ಕೆ ಬಾರ್ ಮೇಲೆ ತಿರುಗಿಸುವುದೂ ಅಷ್ಟೇ ಮುಖ್ಯ. ತಿರುಗಿಸದೆ ಹಿಸುಕಿ ಹಿಡಿದರೆ ಕೈ ನಿಲ್ಲುತ್ತದೆ, ದೇಹ ಸುತ್ತುತ್ತದೆ, ನಡುವೆ ಚರ್ಮ ತಿರುಚಿಕೊಳ್ಳುತ್ತದೆ. ಹೊಸಬರ ಕೈ ಹೆಚ್ಚು ಹರಿಯುವುದಕ್ಕೆ ಅವರ ಚರ್ಮ ಮೆದು ಅನ್ನುವುದಷ್ಟೇ ಕಾರಣವಲ್ಲ, ಹೆದರಿಕೆಯ ಹಿಡಿತವೂ ಕಾರಣ.

ಬೆರಳಿಗೆ ತೂರಿಸಿ ಮಣಿಕಟ್ಟಿಗೆ ಕಟ್ಟಿಕೊಳ್ಳುವ, ಅಂಗೈ ಮುಚ್ಚುವ ಲೆದರ್ ಗ್ರಿಪ್ಸ್ ಹಾಕಿದರೆ ಎಲ್ಲ ಮುಗಿಯಿತು ಅಂದುಕೊಳ್ಳುವವರಿಗೆ ಒಂದು ಮಾತು. ಗ್ರಿಪ್ಸ್ ಉಜ್ಜಾಟವನ್ನು ಬಹಳ ಕಡಿಮೆ ಮಾಡುತ್ತವೆ, ನಿಜ. ಆದರೆ ಪುರುಷರ ಒಂಟಿ ಕಂಬಿಯಾದ ಹೈ ಬಾರ್‌ನ ಗ್ರಿಪ್ ಬೇರೆ, ರಿಂಗ್ಸ್‌ನದು ಬೇರೆ, ಅನ್‌ಈವನ್ ಬಾರ್ಸ್‌ನದು ಬೇರೆ. ಪುರುಷರ ಹೈ ಬಾರ್ 28 ಮಿಲಿಮೀಟರ್ ದಪ್ಪದ ಉಕ್ಕು, ನಮ್ಮದು 40 ಮಿಲಿಮೀಟರ್, ಮರದ ಹೊದಿಕೆಯದು. ಒಂದರದನ್ನು ಇನ್ನೊಂದಕ್ಕೆ ಹಾಕುವುದು, ಹಿಗ್ಗಿ ಉದ್ದವಾದ ಹಳೆಯ ಗ್ರಿಪ್ ಹಾಕುವುದು ಅಪಾಯ. ಲೆದರ್ ಬಾರ್ ಸುತ್ತ ಸುತ್ತಿ ತನ್ನ ಮೇಲೆ ತಾನೇ ಕಚ್ಚಿಕೊಂಡರೆ ಕೈ ನಿಂತುಬಿಡುತ್ತದೆ, ದೇಹ ನಿಲ್ಲುವುದಿಲ್ಲ. ಗ್ರಿಪ್ ಲಾಕ್ ಅನ್ನುವುದು ಅದಕ್ಕೇ. ಮುಂಗೈ ಮೂಳೆ ಮುರಿದವರಿದ್ದಾರೆ, ಹರಿದ ಚರ್ಮ ಅದರ ಮುಂದೆ ಏನೂ ಅಲ್ಲ. ಗ್ರಿಪ್ ಪಟ್ಟಿ ಉಜ್ಜಿ ಮಣಿಕಟ್ಟಿನ ಚರ್ಮ ಹೋಗುವುದು ಇನ್ನೊಂದು ಕಾಟ, ಅಲ್ಲಿ ಚರ್ಮ ತೆಳುವಾದ್ದರಿಂದ ಮಾಯುವವರೆಗೂ ಗೋಳು. ಒಳಗೆ ಮೆತ್ತನೆಯ ರಿಸ್ಟ್ ಬ್ಯಾಂಡ್ ಸುಕ್ಕಿಲ್ಲದಂತೆ ಹಾಕಿದರೆ ಬಹುಪಾಲು ತಪ್ಪುತ್ತದೆ.

ಚಿಕ್ಕ ಮಕ್ಕಳು ರಿಪ್ ಆದ ಕೈಯನ್ನು ಮೆಡಲ್‌ನಂತೆ ತೋರಿಸಿಕೊಂಡು ಓಡಾಡುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಮೊನ್ನೆ ಒಬ್ಬಳು ಸೆಟ್ ನಡುವೆ ಬಂದು, "ಅಕ್ಕಾ, ಇಲ್ಲಿ ಬಿಸಿ ಬಿಸಿ ಆಗ್ತಿದೆ" ಅಂತ ಅಂಗೈ ಚಾಚಿದಳು. ಗುಳ್ಳೆ ಇನ್ನೂ ಎದ್ದಿರಲಿಲ್ಲ, ಬೆರಳ ಬುಡದಲ್ಲಿ ಒಂದು ಕೆಂಪು ಮಚ್ಚೆ. ಅವಳನ್ನು ಅಲ್ಲಿಗೇ ಬಾರ್‌ನಿಂದ ಇಳಿಸಿ, ತಣ್ಣೀರಲ್ಲಿ ಕೈ ಹಿಡಿಸಿ, ಬೀಮ್‌ಗೆ ಕಳಿಸಿದೆವು. ಅವಳಿಗೆ ಸಿಟ್ಟು ಬಂತು. ಮರುದಿನ ಕೈ ಸರಿಯಿತ್ತು, ಪೂರ್ತಿ ಬಾರ್ ಸೆಷನ್ ಮಾಡಿದಳು.

ನನ್ನ ಕೈ ಈಗಲೂ ಆಗೊಮ್ಮೆ ಈಗೊಮ್ಮೆ ಹರಿಯುತ್ತದೆ, ಹೆಚ್ಚಾಗಿ ದೀರ್ಘ ರಜೆಯ ಬಳಿಕ. ಬಾರ್ ಬಿಟ್ಟ ಕೆಲವೇ ವಾರಗಳಲ್ಲಿ ಜಡ್ಡು ಉದುರಿ ಅಂಗೈ ಮೆತ್ತಗಾಗಿರುತ್ತದೆ. ತೋಳಿನ ಬಲ ಮಾತ್ರ ಅಷ್ಟು ಬೇಗ ಹೋಗಿರುವುದಿಲ್ಲ, ಹಾಗಾಗಿ ಚರ್ಮ ತಡೆಯುವುದಕ್ಕಿಂತ ಹೆಚ್ಚು ಕೆಲಸ ಮಾಡಿಬಿಡುವ ಆಸೆ ಬರುತ್ತದೆ. ಅದಕ್ಕೆ ರಜೆಯಿಂದ ಬಂದ ಮೊದಲ ವಾರ ನೇತಾಟ, ಸಣ್ಣ ಸ್ವಿಂಗ್, ಕೆಲವು ಕಿಪ್ (ನೇತಾಟದಿಂದ ಬಾರ್ ಮೇಲಕ್ಕೆ ಏರುವ ಪಟ್ಟು) ಅಷ್ಟೇ. ಅದೂ ಪ್ರಾಕ್ಟೀಸಿನ ಕೊನೆಯಲ್ಲಿ, ಸ್ವಲ್ಪ ಹೊತ್ತು. ಜೈಂಟ್ ಎರಡನೇ ವಾರದಿಂದ, ಅದೂ ಮೇಡಂ ಹೆಬ್ಬೆರಳು ಒತ್ತಿ ನೋಡಿ ಸರಿ ಅಂದ ಮೇಲೆ.